ತಿಪ್ಪೆ ಸೇರುತ್ತಿದ್ದ ಬೇವಿನ ಬೀಜ

ಎರಡು ವರ್ಷದ ಹಿಂದೆ, ಜೂನ್ ಎರಡನೇ ವಾರ ಊರಿಗೆ ಹೋಗಿದ್ದೆ. ಬಳ್ಳಾರಿಯಿಂದ ಸಿರುಗುಪ್ಪ, ಸಿಂಧನೂರು ದಾಟಿ ಮಸ್ಕಿ ಕಡೆ ಹೋಗುವ ದಾರಿಯಲ್ಲಿ ನಮ್ಮೂರು. ರಾತ್ರಿಯಿಡೀ ಗಾಳಿ ಬೀಸಿತ್ತು. ಬೆಳಿಗ್ಗೆ ಎದ್ದು ಹೊರಗೆ ಬಂದಾಗ ಅವ್ವ ಅಂಗಳ ಗುಡಿಸುತ್ತಿದ್ದಳು. ಬೇವಿನ ಹಣ್ಣು ಅಂಗಳದ ತುಂಬ ಬಿದ್ದಿತ್ತು. ಹಳದಿ ಹಣ್ಣು, ಕಾಗೆ ತಿಂದು ಉಗುಳಿದ ಬೀಜ, ಕಾಲಿಗೆ ಸಿಕ್ಕು ಅಂಟಾದ ಸಿಪ್ಪೆ. ಅವ್ವ ಎಲ್ಲವನ್ನೂ ಕಸಬರಿಗೆಯಿಂದ ಒಂದು ಕಡೆ ಒಟ್ಟಿದಳು. ಪುಟ್ಟಿಗೆ ತುಂಬಿದಳು. ಹಿತ್ತಲಿಗೆ ಹೋಗಿ ತಿಪ್ಪೆಗೆ ಸುರಿದು ಬಂದಳು.

ನನಗೆ ಹೊಟ್ಟೆಯಲ್ಲಿ ಏನೋ ಕಿವುಚಿದಂತಾಯಿತು. ಅಜ್ಜಿ ಇದ್ದಿದ್ದರೆ ಇದನ್ನು ಬಿಡುತ್ತಿರಲಿಲ್ಲ.

ಅಜ್ಜಿಗೆ ಅದು ಕಸ ಆಗಿರಲಿಲ್ಲ. ನಾವು ಮಕ್ಕಳು ಓಡಾಡುವಾಗ ಹಣ್ಣು ತುಳಿದರೆ, "ಏ ಯವ್ವ, ತುಳಿಬ್ಯಾಡ, ಅದು ರೊಕ್ಕ ಐತಿ" ಅನ್ನುತ್ತಿದ್ದಳು. ರೊಕ್ಕ ಅಂದರೆ ನಿಜವಾಗಿಯೂ ರೊಕ್ಕ. ಆ ಬೀಜ ಮನೆಗೆ ಉಪ್ಪು ತರುತ್ತಿತ್ತು, ಉಳ್ಳಾಗಡ್ಡಿ ತರುತ್ತಿತ್ತು, ನಮ್ಮ ಕೈಗೆ ಬಳೆ ತರುತ್ತಿತ್ತು. ಈ ಬರಹ ಆ ಬೀಜದ ಬಗ್ಗೆ. ಗಿಡದ ಬಗ್ಗೆಯೂ ಹೌದು, ಆದರೆ ಜಾಸ್ತಿ ಬೀಜದ ಬಗ್ಗೆಯೇ.

ನಮ್ಮ ಕಡೆ ಎಷ್ಟೇ ದೊಡ್ಡ ಮರವಾದರೂ ಅದು ಗಿಡವೇ. ಬೇವಿನ ಗಿಡ, ಹುಣಸಿ ಗಿಡ. ನಮ್ಮ ಅಂಗಳದ ಬೇವಿನ ಗಿಡವನ್ನು ಯಾರೂ ನೆಟ್ಟಿದ್ದಲ್ಲ. ಯಾವುದೋ ಕಾಗೆಯೋ ಗೊರವಂಕವೋ ಹಣ್ಣು ತಿಂದು ಬೀಜ ಬಿಟ್ಟಿದೆ, ಅದು ಗೋಡೆ ಪಕ್ಕ ಹುಟ್ಟಿದೆ. ತಾತ ಅದನ್ನು ಕೀಳದೆ ಬಿಟ್ಟರು. ಅಷ್ಟೇ ಅವರು ಮಾಡಿದ್ದು. ರಾಯಚೂರಿನ ಬೇಸಿಗೆಯಲ್ಲಿ ಒಂದು ಗಿಡವನ್ನು ಕೀಳದೆ ಬಿಡುವುದು ದೊಡ್ಡ ಕೆಲಸವೇ ಅಂತ ನನಗೆ ಈಗ ಅನ್ನಿಸುತ್ತದೆ.

ಬೇವು ವರ್ಷವಿಡೀ ಹಸಿರಾಗಿರುವ ಗಿಡ ಅಂತ ಪುಸ್ತಕದಲ್ಲಿ ಬರೆದಿರುತ್ತದೆ. ಫೆಬ್ರವರಿ, ಮಾರ್ಚಿನಲ್ಲಿ ಎಲೆ ಉದುರುವುದು ನಿಜ. ಆದರೆ ಅದು ಬೋಳಾಗಿ ಬಹಳ ದಿನ ನಿಲ್ಲುವುದಿಲ್ಲ. ಹಳೆ ಎಲೆ ಬೀಳುತ್ತಿರುವಾಗಲೇ ತಾಮ್ರದ ಬಣ್ಣದ ಚಿಗುರು ಬಂದಿರುತ್ತದೆ. ಕೆರೆ ಬತ್ತಿ, ಎರೆ ಹೊಲ ಬಿರುಕು ಬಿಟ್ಟು, ಎತ್ತುಗಳು ನಾಲಿಗೆ ಹೊರಗೆ ಹಾಕುವ ಹೊತ್ತಿನಲ್ಲಿ ಈ ಗಿಡ ಹೊಸ ಎಲೆ ಹೊತ್ತು ನಿಂತಿರುತ್ತದೆ. ಬೇರು ಅಷ್ಟು ಆಳಕ್ಕೆ ಹೋಗಿರುತ್ತದೆ. ಏಪ್ರಿಲ್, ಮೇ ಮಧ್ಯಾಹ್ನ ನಮ್ಮ ಓಣಿಯ ಅರ್ಧ ಜನ ಅದರ ಕೆಳಗೇ ಇರುತ್ತಿದ್ದರು. ಹೊರಸು ಹಾಕಿಕೊಂಡು ಮಲಗುವವರು, ಕೌದಿ ಹೊಲಿಯುವವರು, ಹುಲಿ–ಕುರಿ ಆಡುವ ಹುಡುಗರು. ಗಿಡದಿಂದ ನಾಲ್ಕು ಹೆಜ್ಜೆ ಆಚೆ ಕಾಲಿಟ್ಟರೆ ನೆಲ ಸುಡುತ್ತಿತ್ತು.

ಯುಗಾದಿ ಹೊತ್ತಿಗೆ ಹೂವು. ಬೇರೆ ಕಡೆ ಬೇವು–ಬೆಲ್ಲ ಅಂದರೆ ಒಂದೆರಡು ಎಲೆ, ಒಂದು ಚೂರು ಬೆಲ್ಲ. ನಮ್ಮ ಕಡೆ ಬೇವು ಅಂದರೆ ಕುಡಿಯುವುದು. ಹೊಸ ಮಣ್ಣಿನ ಗಡಿಗೆಯಲ್ಲಿ ನೀರಿಗೆ ಬೆಲ್ಲ ಕರಗಿಸಿ, ಹುಣಸೆ ಹುಳಿ, ಪುಟಾಣಿ ಹಿಟ್ಟು, ಮಾವಿನಕಾಯಿ ಚೂರು, ಉತ್ತುತ್ತಿ, ಗೋಡಂಬಿ, ದ್ರಾಕ್ಷಿ ಹಾಕಿ, ಮೇಲೆ ಬೇವಿನ ಹೂವು ಉದುರಿಸುತ್ತಾರೆ. "ಬೇವು ಕುಡಿಯಾಕ ಬರ್ರಿ" ಅಂತಲೇ ಮನೆಗೆ ಕರೆಯುವುದು. ಕಹಿ ಗಿಡದ ಹೆಸರು ಇಷ್ಟು ಸಿಹಿ ಪಾನಕಕ್ಕೆ ಇಟ್ಟ ಜನ ನಮ್ಮವರು ಅಂತ ನನಗೆ ಯಾವಾಗಲೂ ಖುಷಿ.

ಉಳಿದ ಬಳಕೆಗಳು ನಿಮಗೂ ಗೊತ್ತಿರುತ್ತವೆ. ಹಲ್ಲುಜ್ಜಲು ಕಡ್ಡಿ. ಜೋಳದ ಗುಮ್ಮಿಯಲ್ಲಿ ಒಣಗಿದ ಎಲೆ. ಮಾಳಿಗೆ ಮನೆಗೆ ಬೇವಿನ ತೊಲೆ, ಯಾಕೆಂದರೆ ಗೆದ್ದಲು ಅದನ್ನು ಸುಲಭಕ್ಕೆ ಮುಟ್ಟುವುದಿಲ್ಲ. ಸಂಜೆ ದನದ ಕೊಟ್ಟಿಗೆಯಲ್ಲಿ ಸೊಳ್ಳೆಗೆ ಬೇವಿನ ಸೊಪ್ಪಿನ ಹೊಗೆ.

ಒಂದು ಬಳಕೆಯ ಬಗ್ಗೆ ಮಾತ್ರ ಸ್ವಲ್ಪ ನಿಲ್ಲಬೇಕು. ನನಗೆ ಚಿಕ್ಕಂದಿನಲ್ಲಿ ಅಮ್ಮ ಆಗಿತ್ತು. ಮೈತುಂಬ ಗುಳ್ಳೆ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು, ಹಾಸಿಗೆ ಮೇಲೆ ಹಾಸಿದರು. ತುರಿಕೆ ಎದ್ದಾಗ ಅಜ್ಜಿ ಉಗುರು ಮುಟ್ಟಿಸಲು ಬಿಡದೆ ಎಳೆ ಸೊಪ್ಪಿನಿಂದ ಮೈ ಸವರುತ್ತಿದ್ದಳು. ಆ ತಂಪು ಇವತ್ತಿಗೂ ಬೆನ್ನಿಗೆ ನೆನಪಿದೆ. ಆ ಸೊಪ್ಪು ಮಾಡಿದ ಕೆಲಸ ಸಣ್ಣದಲ್ಲ. ಬಾಗಿಲಲ್ಲಿ ತೂಗಿದ ಸೊಪ್ಪು ನೋಡಿ ಹೊರಗಿನವರು ಒಳಗೆ ಬರುತ್ತಿರಲಿಲ್ಲ, ಮಗುವಿಗೆ ತಂಪು ಸಿಗುತ್ತಿತ್ತು. ಆದರೆ ಅಮ್ಮ ಅಂತಲೇ ಕರೆಯುತ್ತಿದ್ದ ಸಿಡುಬು ಈ ದೇಶದಿಂದ ಹೋಗಿದ್ದು ಲಸಿಕೆಯಿಂದ. ಭಾರತದಲ್ಲಿ ಕೊನೆಯ ಸಿಡುಬು ಕಂಡಿದ್ದು 1975ರಲ್ಲಿ. ಎರಡನ್ನೂ ಒಟ್ಟಿಗೆ ಹೇಳಬೇಕು ಅಂತ ನನ್ನ ಅಭಿಪ್ರಾಯ. ಇನ್ನೊಂದು ಮಾತು ತಾಯಂದಿರಿಗೆ. ಜಂತುಹುಳಕ್ಕೆ ಅಂತ ಹಸುಗೂಸಿಗೆ ಬೇವಿನೆಣ್ಣೆ ಕುಡಿಸುವ ರೂಢಿ ಕೆಲವು ಮನೆಗಳಲ್ಲಿ ಇತ್ತು. ದಯವಿಟ್ಟು ಬೇಡ. ಮಲೇಷ್ಯಾದಲ್ಲಿ ಹಾಗೆ ಕುಡಿಸಿದ ಮಕ್ಕಳಿಗೆ ಫಿಟ್ಸ್ ಬಂದು ಜೀವಕ್ಕೆ ಅಪಾಯವಾದದ್ದು ವೈದ್ಯರ ದಾಖಲೆಗಳಲ್ಲಿದೆ. ಎಲೆ ಬೇರೆ, ಎಣ್ಣೆ ಬೇರೆ.

ಈಗ ಬೀಜಕ್ಕೆ ಬರುತ್ತೇನೆ.

ಮೇ ಕೊನೆಯಿಂದ ಜುಲೈವರೆಗೆ ಹಣ್ಣು ಬೀಳುತ್ತದೆ. ದೊಡ್ಡ ಗಿಡವಾದರೆ ವರ್ಷಕ್ಕೆ 30ರಿಂದ 50 ಕೆಜಿ ಹಣ್ಣು ಬಿಡುತ್ತದೆ. ಅಜ್ಜಿ ನಸುಕಿನಲ್ಲೇ ಎದ್ದು, ಬೇರೆಯವರು ತುಳಿಯುವ ಮೊದಲು ಆರಿಸುತ್ತಿದ್ದಳು. ಅಂಗಳ ಮುಗಿದರೆ ಹೊಲದ ಒಡ್ಡಿನ ಗಿಡಗಳು. ಆ ಹೊತ್ತಿನಲ್ಲಿ ಕೂಲಿ ಕೆಲಸ ಇರುತ್ತಿರಲಿಲ್ಲ. ಬಿತ್ತನೆಗೆ ಇನ್ನೂ ಹದ ಮಳೆ ಆಗಿರುತ್ತಿರಲಿಲ್ಲ. ಮನೆಯಲ್ಲಿ ಕಾಳು ತಳ ಮುಟ್ಟಿರುತ್ತಿತ್ತು. ಸರಿಯಾಗಿ ಆ ಹೊತ್ತಿಗೇ ಬೇವು ಹಣ್ಣಾಗುತ್ತಿತ್ತು. ಹೊಲ ಇಲ್ಲದ ಹೆಂಗಸರಿಗೆ ಇದು ದೊಡ್ಡ ಆಸರೆ. ಒಡ್ಡಿನ ಗಿಡ ಯಾರದ್ದಾದರೂ ಇರಲಿ, ಕೆಳಗೆ ಬಿದ್ದ ಬೀಜ ಆರಿಸಿಕೊಂಡವರದ್ದು. ಅದಕ್ಕೆ ಯಾರೂ ಜಗಳ ಮಾಡಿದ್ದು ನಾನು ನೋಡಿಲ್ಲ.

ಆರಿಸಿ ತಂದ ಹಣ್ಣನ್ನು ಅಜ್ಜಿ ನೀರಲ್ಲಿ ಹಾಕಿ ಕೈಯಿಂದ ತಿಕ್ಕಿ ಸಿಪ್ಪೆ ಬಿಡಿಸುತ್ತಿದ್ದಳು. ಮಳೆ ಮುಗಿಲು ಇದ್ದರೆ ಪಡಸಾಲೆಯಲ್ಲಿ, ಇಲ್ಲದಿದ್ದರೆ ಗಿಡದ ನೆರಳಲ್ಲೇ ಹರವುತ್ತಿದ್ದಳು. ಬಿಸಿಲಿಗೆ ಹಾಕುತ್ತಿರಲಿಲ್ಲ. "ಬಿಸಲಿಗೆ ಹಾಕಿದ್ರ ಸತ್ವ ಹೊಕ್ಕೈತಿ" ಅನ್ನುತ್ತಿದ್ದಳು. ಗೋಣಿಚೀಲದಲ್ಲೇ ತುಂಬುತ್ತಿದ್ದಳು. ಹಸಿ ಇದ್ದಾಗ ಗುಡ್ಡೆ ಹಾಕಿದರೆ ಬೂಸಲು ಹಿಡಿಯುತ್ತದೆ ಅಂತ ದಿನಕ್ಕೆ ಮೂರು ಸಲ ಕೈಯಾಡಿಸುತ್ತಿದ್ದಳು. ಇಷ್ಟೆಲ್ಲ ಆಕೆಗೆ ಯಾರೂ ಕಲಿಸಿದ್ದಲ್ಲ, ಅವಳ ಅತ್ತೆ ಮಾಡುತ್ತಿದ್ದಳು, ಇವಳೂ ಮಾಡಿದಳು.

ಸ್ವಲ್ಪ ಬೀಜ ಮನೆಗೆ ಉಳಿಯುತ್ತಿತ್ತು. ಅದನ್ನು ಒರಳಲ್ಲಿ ಕುಟ್ಟಿ, ಬಿಸಿನೀರು ಚಿಮುಕಿಸಿ, ಮುದ್ದೆ ಮಾಡಿ ಹಿಂಡಿ ಎಣ್ಣೆ ತೆಗೆಯುತ್ತಿದ್ದಳು. ಮನೆಯೆಲ್ಲ ಗಬ್ಬು ವಾಸನೆ. ಆ ಎಣ್ಣೆ ನಮ್ಮ ತಲೆಯ ಹೇನಿಗೆ, ಎತ್ತಿನ ಹೆಗಲ ಹುಣ್ಣಿಗೆ, ಕುರಿಯ ಗಾಯಕ್ಕೆ ಹುಳ ಬೀಳದಂತೆ. ಉಳಿದ ಹಿಂಡಿ ಹೊಲಕ್ಕೆ. ಬೀಜದ ಮುಖ್ಯ ಭಾಗ ಮಾತ್ರ ತಕ್ಕಡಿ ಹಿಡಿದು ಸೈಕಲ್ ಮೇಲೆ ಬರುತ್ತಿದ್ದ ವ್ಯಾಪಾರಿಗೆ. ಅವನು ಅದನ್ನು ಎಲ್ಲಿಗೆ ಒಯ್ಯುತ್ತಾನೆ ಅಂತ ಅಜ್ಜಿ ಎಂದೂ ಕೇಳಲಿಲ್ಲ. ನನಗೂ ಅದು ಗೊತ್ತಾಗಿದ್ದು ಬಹಳ ತಡವಾಗಿ.

ನಮ್ಮ ಪಕ್ಕದ ಮನೆಯ ಚಾಚಾ ಒಮ್ಮೆ ಹಜ್ ಯಾತ್ರೆ ಮುಗಿಸಿ ಬಂದಾಗ ಜಮ್‌ಜಮ್ ನೀರು, ಖರ್ಜೂರ ಕೊಡುತ್ತ ಒಂದು ಮಾತು ಹೇಳಿದರು. "ಅರಫಾತ್ ಬಯಲಾಗ ಬೇವಿನ ಗಿಡ ಅದಾವ, ಅದರ ನೆರಳಾಗ ಕುಂತಿದ್ದೆ, ನಮ್ಮ ಕಟ್ಟಿ ಮ್ಯಾಲೇ ಕುಂತಂಗಾತು." ಅದು ನಿಜ. ಅರಫಾತ್ ಬಯಲಿನಲ್ಲಿ ಯಾತ್ರಿಕರ ನೆರಳಿಗೆ ಸುಮಾರು 50,000 ಬೇವಿನ ಗಿಡ ನೆಟ್ಟಿದ್ದಾರೆ. ಬೇವಿನ ವೈಜ್ಞಾನಿಕ ಹೆಸರು ಅಜಾಡಿರಾಕ್ಟಾ ಇಂಡಿಕಾ. ಅದು ಫಾರಸಿಯ ಆಜಾದ್ ದರಖ್ತ್ ಅನ್ನುವ ಮಾತಿನಿಂದ ಬಂದದ್ದು. ದರಖ್ತ್ ಅಂದರೆ ಗಿಡ ಅಂತ ಚಾಚಾನ ಮನೆಯ ಮಕ್ಕಳಿಗೂ ಗೊತ್ತು. ಆಜಾದ್ ಅಂದರೆ ಸ್ವತಂತ್ರ. ನಿಜಾಮನ ಆಳ್ವಿಕೆಯಲ್ಲಿದ್ದ ನಮ್ಮ ರಾಯಚೂರಿಗೆ ಈ ಮಾತುಗಳು ಹೊಸವಲ್ಲ. ಸ್ವತಂತ್ರ ಗಿಡ. ಈ ಹೆಸರು ಎಷ್ಟು ಸರಿ ಅನ್ನುವುದು ಮುಂದಿನ ಕಥೆ ಓದಿದಾಗ ನನಗೆ ಅರಿವಾಯಿತು.

ಬೇವಿನ ಕಹಿಯನ್ನು ಪ್ರಯೋಗಾಲಯದಲ್ಲಿ ಬಿಡಿಸಿ ನೋಡಿದವರಲ್ಲಿ ಮೊದಲಿಗರು ರಸಾಯನ ವಿಜ್ಞಾನಿ ಸಲೀಮುಜ್ಜಮಾನ್ ಸಿದ್ದೀಕಿ. 1942ರಲ್ಲಿ ಅವರು ಬೇವಿನೆಣ್ಣೆಯಿಂದ ನಿಂಬಿನ್ ಮೊದಲಾದ ಕಹಿ ವಸ್ತುಗಳನ್ನು ಬೇರ್ಪಡಿಸಿದರು. 1959ರಲ್ಲಿ ಸುಡಾನ್‌ನಲ್ಲಿ ಮಿಡತೆಗಳ ಹಿಂಡು ದಾಳಿ ಮಾಡಿತು. ಸುತ್ತಲ ಹಸಿರನ್ನೆಲ್ಲ ಅವು ಮುಕ್ಕಿದರೂ ಬೇವಿನ ಗಿಡಗಳನ್ನು ತಿನ್ನದೆ ಬಿಟ್ಟಿದ್ದವು. ಅದನ್ನು ಕಣ್ಣಾರೆ ನೋಡಿದ ಜರ್ಮನಿಯ ಕೀಟಶಾಸ್ತ್ರಜ್ಞ ಹೈನ್‌ರಿಷ್ ಷ್ಮುಟರರ್ ಉಳಿದ ಬದುಕಿನ ದೊಡ್ಡ ಭಾಗವನ್ನು ಬೇವಿಗೇ ಕೊಟ್ಟರು. 1968ರಲ್ಲಿ ಇಂಗ್ಲೆಂಡಿನಲ್ಲಿ ಬೀಜದಿಂದ ಅಜಾಡಿರಾಕ್ಟಿನ್ ಅನ್ನುವ ವಸ್ತುವನ್ನು ಬೇರ್ಪಡಿಸಿದರು. ಹುಳಕ್ಕೆ ತಿನ್ನುವ ಆಸೆಯನ್ನೇ ಕೆಡಿಸುವುದು, ಪೊರೆ ಬಿಡದಂತೆ ಮಾಡುವುದು ಮುಖ್ಯವಾಗಿ ಅದೇ. ಅದರ ಅಣುವನ್ನು ಪ್ರಯೋಗಾಲಯದಲ್ಲಿ ಕಟ್ಟಲು ಕೇಂಬ್ರಿಜ್‌ನ ಸ್ಟೀವನ್ ಲೇ ಅವರ ತಂಡಕ್ಕೆ 22 ವರ್ಷ ಬೇಕಾಯಿತು. 2007ರಲ್ಲಿ ಅದು ಮುಗಿಯಿತು. ಗಿಡ ಅದನ್ನು ಪ್ರತಿ ಬೇಸಿಗೆಯಲ್ಲೂ ನಮ್ಮ ಅಂಗಳದಲ್ಲಿ ಮಾಡಿ ಉದುರಿಸುತ್ತದೆ. ಇದನ್ನು ಓದಿದ ದಿನ ನನಗೆ ಅಜ್ಜಿಯ ಗೋಣಿಚೀಲ ಕಣ್ಣ ಮುಂದೆ ಬಂತು.

ಆಮೇಲೆ ಪೇಟೆಂಟ್. ಅಮೆರಿಕದ ಕೃಷಿ ಇಲಾಖೆ ಮತ್ತು ಡಬ್ಲ್ಯು. ಆರ್. ಗ್ರೇಸ್ ಕಂಪನಿ ಸೇರಿ, ಬೇವಿನೆಣ್ಣೆಯಿಂದ ಬೆಳೆಯ ಶಿಲೀಂಧ್ರ ರೋಗ ತಡೆಯುವ ವಿಧಾನ ತಮ್ಮದು ಅಂತ ಅರ್ಜಿ ಹಾಕಿದವು. ಯುರೋಪಿನ ಪೇಟೆಂಟ್ ಕಚೇರಿ 1994ರಲ್ಲಿ ಅದನ್ನು ಕೊಟ್ಟೂ ಬಿಟ್ಟಿತು. ಆ ಕಂಪನಿಯ ಪಾಲುದಾರಿಕೆಯಲ್ಲಿ ಬೇವಿನ ಬೀಜ ಸಂಸ್ಕರಿಸುವ ಕಾರ್ಖಾನೆ ಇದ್ದದ್ದು ಎಲ್ಲಿ ಗೊತ್ತಾ? ನಮ್ಮ ತುಮಕೂರಿನಲ್ಲಿ. ಪರಿಸರ ಹೋರಾಟಗಾರ್ತಿ ವಂದನಾ ಶಿವ, ಯುರೋಪಿನ ಸಂಸತ್ತಿನ ಮಾಗ್ಡಾ ಆಲ್ವೂಟ್ ಮತ್ತು ಸಾವಯವ ಕೃಷಿಕರ ಅಂತರರಾಷ್ಟ್ರೀಯ ಒಕ್ಕೂಟ ಸೇರಿ ಇದನ್ನು ಪ್ರಶ್ನಿಸಿದರು. ಇದು ಭಾರತದಲ್ಲಿ ಮೊದಲಿನಿಂದ ಗೊತ್ತಿದ್ದದ್ದು, ಹೊಸದೇನೂ ಅಲ್ಲ ಅನ್ನುವುದು ಅವರ ವಾದ. 2000ದ ಮೇನಲ್ಲಿ ಪೇಟೆಂಟ್ ರದ್ದಾಯಿತು. ಮೇಲ್ಮನವಿಯೂ 2005ರ ಮಾರ್ಚ್ 8ರಂದು ಬಿದ್ದುಹೋಯಿತು. ಅವತ್ತು ಮಹಿಳಾ ದಿನ. ಬೀಜ ಆರಿಸಿದ ಹೆಂಗಸರ ಹೆಸರು ಆ ತೀರ್ಪಿನಲ್ಲಿ ಇರಲಿಕ್ಕಿಲ್ಲ. ಆದರೆ ಗೆದ್ದದ್ದು ಅವರ ತಿಳಿವಳಿಕೆಯೇ ಅಲ್ವಾ?

ಇಷ್ಟು ದೊಡ್ಡ ಹೋರಾಟ ಗೆದ್ದು ಬಂದ ಬೀಜ ನಮ್ಮ ಮನೆಯಲ್ಲಿ ತಿಪ್ಪೆ ಸೇರುತ್ತಿತ್ತು. ನನಗೆ ನೋವಾದದ್ದು ಇದಕ್ಕೇ.

ಹೇಗೆ ಹೀಗಾಯಿತು? ಅವ್ವನ ತಪ್ಪು ಅಂತ ನಾನು ಹೇಳಲಾರೆ. ಸೈಕಲ್ ವ್ಯಾಪಾರಿ ಬರುವುದು ನಿಂತಿತು. ಅಜ್ಜಿ ಹೋದಳು. ನನ್ನ ತಮ್ಮ ಹೊಲ ನೋಡಿಕೊಳ್ಳಲು ಶುರು ಮಾಡಿದ. ಹತ್ತಿ, ತೊಗರಿ, ಮೆಣಸಿನಕಾಯಿ ಎಲ್ಲಕ್ಕೂ ಎಣ್ಣಿ ಬಂತು. ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣಿ ಅಂತಲೇ ಹೇಳುವುದು. "ಎಣ್ಣಿ ಹೊಡಿಯಾಕ ಹೋಗ್ಯಾನ" ಅಂದರೆ ಹೊಲಕ್ಕೆ ಪಂಪು ಹೊತ್ತು ಹೋಗಿದ್ದಾನೆ ಅಂತ. ಅಜ್ಜಿಯ ಕಾಲದಲ್ಲಿ ಹುಳಕ್ಕೆ ಹಚ್ಚುತ್ತಿದ್ದದ್ದು ನಿಜವಾದ ಎಣ್ಣೆ, ಬೇವಿನೆಣ್ಣೆ. ಮಾತು ಉಳಿಯಿತು, ಡಬ್ಬಿಯೊಳಗಿನದು ಬದಲಾಯಿತು.

ಅದೇ ಜೂನ್‌ನಲ್ಲಿ ಪಡಸಾಲೆ ಮೂಲೆಯಲ್ಲಿ ಯೂರಿಯಾ ಚೀಲ ಇದ್ದವು. 45 ಕೆಜಿ ಚೀಲ. ಮೇಲೆ ಬೇವು ಲೇಪಿತ ಅಂತ ಬರೆದಿತ್ತು. 2015ರಲ್ಲಿ ನಮ್ಮ ದೇಶದಲ್ಲಿ ಬೇಸಾಯದ ಯೂರಿಯಾಕ್ಕೆ ಬೇವಿನೆಣ್ಣೆ ಲೇಪಿಸುವುದು ಕಡ್ಡಾಯವಾಯಿತು. ಯೂರಿಯಾ ಮಣ್ಣಿಗೆ ಬಿದ್ದ ಮೇಲೆ ಸೂಕ್ಷ್ಮಜೀವಿಗಳು ಅದನ್ನು ನೈಟ್ರೇಟ್ ಮಾಡುತ್ತವೆ. ಬೆಳೆ ಹೀರುವ ಮೊದಲೇ ಅದು ನೀರಿನ ಜೊತೆ ಕೆಳಗೆ ಇಳಿದು ಹೋಗುತ್ತದೆ. ಬೇವು ಆ ಸೂಕ್ಷ್ಮಜೀವಿಗಳನ್ನು ಸ್ವಲ್ಪ ತಡೆಯುತ್ತದೆ. ಗೊಬ್ಬರ ನಿಧಾನಕ್ಕೆ ಬೆಳೆಗೆ ಸಿಗುತ್ತದೆ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ 1970ರ ದಶಕದಿಂದಲೇ ಬೇವಿನ ಹಿಂಡಿ ಬೆರೆಸಿದ ಯೂರಿಯಾದ ಮೇಲೆ ಕೆಲಸ ನಡೆದಿತ್ತು. ಒಳ್ಳೆಯ ಯೋಜನೆ. ನನ್ನ ತಕರಾರು ಅದರ ಮೇಲಲ್ಲ. ಆ ಚೀಲ ನೋಡುತ್ತ ನಿಂತಾಗ ಅನ್ನಿಸಿತು. ಅಂಗಳದ ಬೀಜ ತಿಪ್ಪೆಗೆ ಹೋಗುತ್ತಿದೆ, ಅದೇ ಬೇವು ಚೀಲದಲ್ಲಿ ರೊಕ್ಕ ಕೊಟ್ಟು ಮನೆಗೆ ಬರುತ್ತಿದೆ.

ಅವತ್ತೇ ಅವ್ವನಿಗೆ ಹೇಳಿದೆ, ನಾಳೆಯಿಂದ ತಿಪ್ಪೆಗೆ ಹಾಕಬೇಡ. ಅವ್ವ ಒಂದು ಕ್ಷಣ ನನ್ನನ್ನೇ ನೋಡಿದಳು. "ನಿಮ್ಮಜ್ಜಿ ಮಾತು ಆಡಾಕತ್ತಿ" ಅಂದಳು. ಹಳೆಯ ಗೋಣಿಚೀಲ ಅಟ್ಟದಿಂದ ಇಳಿಸಿಕೊಟ್ಟಳು.

ನವೆಂಬರ್ ಹೊತ್ತಿಗೆ ತೊಗರಿ ಹೂವಿಗೆ ಬಂತು. ಕಾಯಿಕೊರಕ ಹುಳದ ಕಾಟ ಶುರುವಾಗುವ ಹೊತ್ತು. ನಾಲ್ಕು ಎಕರೆಯಲ್ಲಿ ಒಂದೇ ಎಕರೆಗೆ ಬೇವಿನ ಕಷಾಯ ಹೊಡೆಯೋಣ ಅಂತ ತಮ್ಮನನ್ನು ಒಪ್ಪಿಸಿದೆ. ಕಷಾಯಕ್ಕೆ ಬೀಜ ಮೂರು ತಿಂಗಳು ದಾಟಿರಬೇಕು, ಎಂಟು–ಹತ್ತು ತಿಂಗಳು ಮೀರಿರಬಾರದು. ನಮ್ಮದು ಐದು ತಿಂಗಳ ಬೀಜ, ಸರಿಯಾಗಿತ್ತು. ಲೆಕ್ಕ ಸುಲಭ. 100 ಲೀಟರ್‌ಗೆ 5 ಕೆಜಿ ತಿರುಳಿನ ಪುಡಿ. ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿ 10 ಲೀಟರ್ ನೀರಲ್ಲಿ ರಾತ್ರಿಯಿಡೀ ನೆನೆಸಬೇಕು. ಬೆಳಿಗ್ಗೆ ಗಂಟನ್ನು ಚೆನ್ನಾಗಿ ಹಿಂಡಿ, ಸೋಸಿ, ಉಳಿದ ನೀರು ಸೇರಿಸಬೇಕು. ಎಲೆಗೆ ಅಂಟಲು ಸ್ವಲ್ಪ ಸೋಪಿನ ಪುಡಿ. ಒಂದು ಎಕರೆಗೆ 200 ಲೀಟರ್ ಮಾಡಿಕೊಂಡೆವು. ಹೊಡೆಯುವುದು ಸಂಜೆ. ಬಿಸಿಲಿಗೆ ಅದರ ಸತ್ವ ಬೇಗ ಕೆಡುತ್ತದೆ. ಅಜ್ಜಿಯ ಮಾತು ಇಲ್ಲೂ ಬಂತು ನೋಡಿ.

ಮೂರನೇ ದಿನ ತಮ್ಮ ಫೋನ್ ಮಾಡಿದ. "ಅಕ್ಕಾ, ಹುಳ ಹಂಗ ಅದಾವ. ಒಂದೂ ಸತ್ತಿಲ್ಲ." ಅವನ ದನಿಯಲ್ಲಿ ಬೇಸರ ಇತ್ತು. ನಾನು ಕೇಳಿದೆ, ತಿನ್ನುತ್ತಿವೆಯಾ ಅಂತ. ಅವನು ಹೊಲದಲ್ಲೇ ಇದ್ದ. ಸ್ವಲ್ಪ ಹೊತ್ತು ಸುಮ್ಮನಾದ. ಬಗ್ಗಿ ನೋಡಿರಬೇಕು. "ತಿನ್ನವಲ್ವು. ಸುಮ್ನ ಕುಂತಾವ" ಅಂದ.

ಇದೇ ಬೇವಿನ ರೀತಿ. ಅದು ಹೊಡೆದು ಕೆಡವುವುದಿಲ್ಲ. ಹುಳ ತಿನ್ನುವುದನ್ನು ಬಿಡುತ್ತದೆ, ಬೆಳೆಯಲಾರದೆ, ಪೊರೆ ಕಳಚಲಾರದೆ ನಾಲ್ಕಾರು ದಿನದಲ್ಲಿ ಬೀಳುತ್ತದೆ. ಎಣ್ಣಿ ಹೊಡೆದ ಮರುದಿನವೇ ನೆಲದಲ್ಲಿ ಸತ್ತ ಹುಳ ನೋಡಿ ರೂಢಿಯಾದ ಕಣ್ಣಿಗೆ ಇದು ಸೋಲಿನಂತೆ ಕಾಣುತ್ತದೆ. ಬೇವನ್ನು ಕೈಬಿಟ್ಟ ರೈತರಲ್ಲಿ ಅರ್ಧ ಜನ ಮೂರನೇ ದಿನ ಕೈಬಿಟ್ಟಿದ್ದಾರೆ ಅಂತ ನನ್ನ ಅಂದಾಜು. ಮತ್ತೆ ನಿಜವನ್ನೂ ಹೇಳಬೇಕು. ಹುಳ ಸಣ್ಣದಿರುವಾಗ ಕಷಾಯ ಚೆನ್ನಾಗಿ ಕೆಲಸ ಮಾಡಿತು. ಮುಗಿಲು ಮುಚ್ಚಿದ ವಾರ ಹುಳ ಏಕದಂ ಜಾಸ್ತಿಯಾಗಿ, ದೊಡ್ಡದೂ ಆದವು. ಆಗ ಅದು ಸಾಲಲಿಲ್ಲ. ಸೀರೆ ಹಾಸಿ, ಗಿಡ ಅಲುಗಾಡಿಸಿ ಹುಳ ಉದುರಿಸಿದರು. ಒಂದು ಸಲ ಎಣ್ಣಿಯನ್ನೂ ಹೊಡೆಯಬೇಕಾಯಿತು. ಉಳಿದ ಮೂರು ಎಕರೆಗೆ ನಾಲ್ಕು ಸಲ ಹೊಡೆದಿದ್ದ. ಇಲ್ಲಿ ಒಂದೇ ಸಲ. ಆ ಎಕರೆಯಲ್ಲಿ ಜೇನುನೊಣ ಜಾಸ್ತಿ ಇದ್ದವು ಅಂತ ತಮ್ಮನೇ ಹೇಳಿದ. ನನಗೆ ಅಷ್ಟು ಸಾಕಾಗಿತ್ತು.

ಗಿಡದ ಬಗ್ಗೆ ಒಂದು ವಿಷಯ ಬಾಕಿ ಇದೆ. ಇದಕ್ಕೆಲ್ಲ ಕೆಲವು ವರ್ಷ ಮೊದಲು, ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಬೇವು ತುದಿಯಿಂದ ಒಣಗಲು ಶುರುವಾಯಿತು. ಎಲೆ ಬೆಂಕಿ ತಾಗಿದಂತೆ ಕಂದಾಯಿತು. ನಮ್ಮದೊಂದೇ ಅಲ್ಲ, ದಾರಿಯುದ್ದಕ್ಕೂ, ತೆಲಂಗಾಣದ ಕಡೆಯೂ ಹೀಗೇ. ಟೀ ಸೊಳ್ಳೆ ಅನ್ನುವ ಕೀಟ ಎಳೆ ಚಿಗುರಿನ ರಸ ಹೀರುತ್ತದೆ, ಫೋಮಾಪ್ಸಿಸ್ ಅನ್ನುವ ಶಿಲೀಂಧ್ರ ರೆಂಬೆಯನ್ನು ಒಣಗಿಸುತ್ತದೆ. ಎಲ್ಲರ ಹುಳ ಓಡಿಸುವ ಗಿಡಕ್ಕೇ ಹುಳವಾ ಅಂತ ಓಣಿಯವರೆಲ್ಲ ಕೇಳಿದರು. ಬೇವಿನ ಆ ಶಕ್ತಿ ಎಲ್ಲಕ್ಕಿಂತ ಜಾಸ್ತಿ ಇರುವುದು ಬೀಜದಲ್ಲಿ. ಗಿಡ ತನ್ನ ಚಿಗುರಿಗಿಂತ ಬೀಜವನ್ನು ಹೆಚ್ಚು ಕಾಯುತ್ತದೆ. ಸತ್ತ ಗಿಡ, ಕಡಿಸಿಬಿಡಿ ಅಂತ ಹೇಳಿದವರೇ ಜಾಸ್ತಿ. ಓಣಿಯಲ್ಲಿ ಎರಡು ಗಿಡ ಕಡಿದೂ ಬಿಟ್ಟರು. ತಾತ ಬೇಡ ಅಂದರು. ಆಗ ಅವರಿಗೆ ಹೊರಸು ಬಿಟ್ಟು ಏಳಲು ಆಗುತ್ತಿರಲಿಲ್ಲ. "ಯುಗಾದಿ ಮಟ ನೋಡ್ರಿ" ಅಂದರು. ಯುಗಾದಿಗೆ ಚಿಗುರು ಬಂತು. ಹೂವು ಕಡಿಮೆ ಇತ್ತು, ಗಡಿಗೆಗೆ ಸಾಲುವಷ್ಟು ಇತ್ತು. ನಿಮ್ಮ ಮನೆ ಮುಂದೆ ಹೀಗೆ ಒಣಗಿದ ಬೇವು ಇದ್ದರೆ ದಯವಿಟ್ಟು ಕೊಡಲಿ ಹಾಕಬೇಡಿ, ಒಂದು ಬೇಸಿಗೆ ಕಾಯಿರಿ.

ಈ ಜೂನ್‌ನಲ್ಲಿ ಮತ್ತೆ ಹೋಗಿದ್ದೆ. ಅಂಗಳದಲ್ಲಿ ಅವ್ವನ ಜೊತೆ ಓಣಿಯ ಇಬ್ಬರು ಹೆಂಗಸರು ಬೀಜ ಆರಿಸುತ್ತಿದ್ದರು. ತಮ್ಮ ಅವರಿಂದ ಕೆಜಿ ಲೆಕ್ಕದಲ್ಲಿ ಕೊಳ್ಳುತ್ತಿದ್ದಾನೆ, ಈ ಸಲ ಎರಡು ಎಕರೆಗೆ ಬೇಕಂತೆ. ಅವ್ವ ಒಂದು ಬೊಗಸೆ ದಪ್ಪ ಬೀಜವನ್ನು ಬೇರೆ ತೆಗೆದಿಟ್ಟಿದ್ದಳು. ಬೇವಿನ ಬೀಜ ಹುಟ್ಟುವ ಶಕ್ತಿಯನ್ನು ಕೆಲವೇ ವಾರದಲ್ಲಿ ಕಳೆದುಕೊಳ್ಳುತ್ತದೆ, ತಡ ಮಾಡುವಂತಿಲ್ಲ. ಮಳೆ ಬಂದ ಮರುದಿನ ತಮ್ಮ ಅದನ್ನು ಹೊಲದ ಒಡ್ಡಿನ ಮೇಲೆ ಊರಿ ಬಂದ. ಮೊನ್ನೆ ಫೋನಿನಲ್ಲಿ ಫೋಟೋ ಕಳಿಸಿದ್ದಾನೆ. ಹದಿನೇಳು ಹುಟ್ಟಿವೆ. ಕುರಿ ಬಾಯಿ ಹಾಕದಂತೆ ಒಂದೊಂದರ ಸುತ್ತಲೂ ಜಾಲಿ ಮುಳ್ಳು ಹಚ್ಚಿದ್ದಾನೆ.